ಎರಡು ಬೆಲ್ಟ್ ಇದ್ರೂ ವೀಕಾ?

ಸಂಪಾದಕರಿಗೆ ನಮಸ್ಕಾರ,

ಗಾಂಧಿಬಜಾರಲ್ಲಿ ವಾಕಿಂಗ್ ಮುಗಿಸಿ ಕಾಫಿಗೆ ನಿಲ್ಲೋ ನಮ್ ಗ್ಯಾಂಗಲ್ಲಿ ಹೋದ ವಾರ ದೊಡ್ಡ ಜಗಳ. ಎರಡೋ ಅದಕ್ಕಿಂತ ಜಾಸ್ತಿಯೋ ತೂಕದಲ್ಲಿ ವರ್ಲ್ಡ್ ಟೈಟಲ್, ಅಂದ್ರೆ ಬೆಲ್ಟ್, ಗೆದ್ದ ಬಾಕ್ಸರ್‌ಗಳಲ್ಲಿ ಎಲ್ರಿಗಿಂತ ವೀಕ್ ಯಾರು ಅಂತ. ಒಬ್ರು ಥಟ್ ಅಂತ ಇರಾನ್ ಬಾರ್ಕ್ಲಿ ಅಂದ್ಬಿಟ್ರು, 19 ಸೋಲಿದೆಯಲ್ಲ ಅಂತ. ನಂಗೆ ಉರಿದೋಯ್ತು. ಆ ಮನುಷ್ಯ 1988ರಲ್ಲಿ ಆಗಿನ ದೊಡ್ಡ ಚಾಂಪಿಯನ್ ಥಾಮಸ್ ಹರ್ನ್ಸ್‌ನ ಮೂರನೇ ರೌಂಡಲ್ಲೇ ಮಲಗಿಸ್ದ, ಅದೂ ಮುಖದ ತುಂಬಾ ರಕ್ತ ಸುರೀತಿದ್ದಾಗ, ಆಮೇಲೆ 1992ರಲ್ಲಿ ಇನ್ನೂ ಮೇಲಿನ ತೂಕದಲ್ಲಿ ಅದೇ ಹರ್ನ್ಸ್‌ನ ಮತ್ತೆ ಸೋಲಿಸ್ದ. ಹರ್ನ್ಸ್‌ನ ಎರಡು ಸಲ ಸೋಲಿಸಿದೋನನ್ನ ವೀಕ್ ಅನ್ನೋಕೆ ಬಾಯಾದ್ರೂ ಹೆಂಗ್ ಬರತ್ತೆ?

ಇನ್ನೊಬ್ರದ್ದು ಪಾಲಿ ಮಲಿನಾಜಿ. 36 ಗೆಲುವಲ್ಲಿ ನಾಕೌಟ್ ಬರೀ 7, ಗುದ್ದಲ್ಲಿ ಪವರ್ ಇಲ್ಲ, ಒಪ್ತೀನಿ. ಆದ್ರೆ 2012ರಲ್ಲಿ ಉಕ್ರೇನಿನ ಡೊನೆಟ್ಸ್ಕ್‌ಗೇ ಹೋಗಿ, ಅಲ್ಲೀವರೆಗೂ ಒಂದೂ ಸೋತಿರದ ಚಾಂಪಿಯನ್ ಸೆಂಚೆಂಕೋನ ಅವನ ಜನದ ಮುಂದೇನೇ ಫೈಟ್ ಮಧ್ಯದಲ್ಲೇ ಸೋಲಿಸಿ ಬಂದ. ಏಡ್ರಿಯನ್ ಬ್ರೋನರ್ ಕಥೆ ಬೇರೆ, ನಾಕು ತೂಕದ ಚಾಂಪಿಯನ್ ಅಂತ ಹೆಸರು, ಅದ್ರಲ್ಲಿ ಎರಡು ಖಾಲಿ ಬಿದ್ದಿದ್ದ (ಆಗ ಚಾಂಪಿಯನ್ನೇ ಇಲ್ಲದ) ಬೆಲ್ಟು, ಆ ಎರಡನ್ನೂ ಆಮೇಲೆ ರಿಂಗಿಗೆ ಇಳಿಯೋ ಮುಂಚೆ ತಕ್ಕಡಿ ಮೇಲೇ ಕಳ್ಕೊಂಡ, ತೂಕ ಜಾಸ್ತಿ ಆಗಿ! (ನಮ್ಮಲ್ಲಿ ಮದುವೆ ಸೀಸನ್ ಮುಗಿದ್ಮೇಲೆ ಎಲ್ರೂ ಒಂದೊಂದು ಡಿವಿಷನ್ ಮೇಲೇರೋದಿಲ್ವಾ.) ಆದ್ರೂ ಚಾಂಪಿಯನ್ ಆಗಿದ್ದ ಡಿಮಾರ್ಕೋನ ಸೋಲಿಸಿದ ರಾತ್ರಿ ಅವನು ಚೆನ್ನಾಗಿದ್ದ.

ನನ್ನ ವೋಟು ಡ್ಯಾರಿನ್ ವ್ಯಾನ್ ಹಾರ್ನ್‌ಗೆ. 'ಸ್ಕೂಲ್‌ಬಾಯ್' ಅಂತ ಅಡ್ಡಹೆಸರು. 1989ರಲ್ಲಿ 154 ಪೌಂಡ್ ತೂಕದ ಟೈಟಲ್ ಗೆದ್ದು, ಅದೇ ವರ್ಷ ಅದನ್ನ ಉಳಿಸ್ಕೊಳ್ಳೋ ಮೊದಲ ಫೈಟಲ್ಲೇ ರೋಸಿ ಅನ್ನೋನಿಗೆ ಬಿಟ್ಕೊಟ್ಟ. 1991ರಲ್ಲಿ ಲಿಂಡೆಲ್ ಹೋಮ್ಸ್ ಹತ್ರ 168 ಪೌಂಡ್ ಟೈಟಲ್ ಕಿತ್ಕೊಂಡ, ಮುಂದಿನ ವರ್ಷ ನಮ್ ಬಾರ್ಕ್ಲಿ ಎರಡೇ ರೌಂಡಲ್ಲಿ ಮನೆಗೆ ಕಳಿಸ್ದ. ಮಧ್ಯದ ಮಿಡಲ್‌ವೇಟ್ (160 ಪೌಂಡ್) ಬಿಟ್ಟು ಆರು ಕೆಜಿ ಮೇಲೆ ಹಾರಿದ್ದಕ್ಕೆ ಧೈರ್ಯ ಮಾತ್ರ ಮೆಚ್ಬೇಕು, ಪಾಪ.

ಈ ಜಗಳಕ್ಕೆ ಅರ್ಧ ಕಾರಣ ನಿಮ್ ಸ್ಪೋರ್ಟ್ಸ್ ಪೇಜೂ ಹೌದು ಸರ್. ಹಿಂದೆ ಎಂಟು ತೂಕ, ಎಂಟು ಚಾಂಪಿಯನ್. ಈಗ ತೂಕ ಕಮ್ಮಿ ಅಂದ್ರೂ 17, ಅದ್ರಲ್ಲಿ ಒಂದೊಂದಕ್ಕೂ ಬೆಲ್ಟ್ ಕೊಡೋ ನಾಕು ದೊಡ್ಡ ಸಂಸ್ಥೆ, ನೀವು ಎಲ್ಲಾರ್ಗೂ 'ವಿಶ್ವ ಚಾಂಪಿಯನ್' ಅಂತ ಒಂದೇ ಹೆಡ್ಡಿಂಗ್ ಹಾಕ್ತೀರಿ. ನಿಖತ್ ಝರೀನ್ 2022ರಲ್ಲಿ 52 ಕೆಜಿ, 2023ರಲ್ಲಿ 50 ಕೆಜಿಯಲ್ಲಿ ಗೆದ್ರಲ್ಲ, ಅದು ಅಮೆಚೂರ್, ಒಂದೇ ಟೂರ್ನಿಲಿ ಸಾಲಾಗಿ ಬೌಟ್ ಗೆಲ್ಬೇಕು, ಅಲ್ಲಿ ಕನ್‌ಫ್ಯೂಷನ್ ಇಲ್ಲ. ಪ್ರೊಫೆಷನಲ್ ಸುದ್ದಿ ಹಾಕೋವಾಗ ಯಾವ ಸಂಸ್ಥೆ ಬೆಲ್ಟು, ಖಾಲಿ ಇತ್ತಾ, ಎದುರಿಗೆ ಯಾರಿದ್ರು, ಇಷ್ಟು ಒಂದು ಸಾಲಲ್ಲಿ ಹಾಕಿ.

ಇಂತಿ,
ಬಸವನಗುಡಿಯ ಓದುಗ, ಬೆಂಗಳೂರು