ಖಾಲಿ ಬಿಟ್ಟ ಕುರ್ಚಿ

ಪ್ರೀತಿಯ ಪುಟ್ಟಿ,

"ಇನ್ನೆಷ್ಟು ದಿನ ಅಪ್ಪಾ, ಬೇರೆಯವರ ಪಕ್ಕದಲ್ಲಿ ಕುಳಿತು ಪಿಟೀಲು ನುಡಿಸುವುದು?" ಎಂದು ನಿನ್ನೆ ಕೇಳಿದೆಯಲ್ಲ, ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಉತ್ತರ ಈಗಲೂ ಹೊಳೆದಿಲ್ಲ. ಒಬ್ಬರು ನೆನಪಾದರು, ಅವರ ಬಗ್ಗೆ ಬರೆಯುತ್ತೇನೆ.

ಕುವೈತ್‌ನಲ್ಲಿ ನಮ್ಮನ್ನು ಕೆಲಸಕ್ಕೆ ಕರೆದೊಯ್ಯುತ್ತಿದ್ದ ವ್ಯಾನಿನ ಚಾಲಕ ಈಜಿಪ್ಟಿನವರು. ಅವರಲ್ಲಿದ್ದ ಕ್ಯಾಸೆಟ್‌ಗಳೆಲ್ಲ ಈಜಿಪ್ಟಿನ ಹೆಸರಾಂತ ಗಾಯಕಿ ಉಮ್ ಕುಲ್ಸುಮ್ ಅವರವೇ. ಕೋಣೆಯ ಮುಂದೆ ವ್ಯಾನು ನಿಂತರೂ ಆಕೆ ಹಿಡಿದ ಸಾಲು ಮುಗಿಯುವ ತನಕ ಎಂಜಿನ್ ಆರಿಸುತ್ತಿರಲಿಲ್ಲ. ಆ ಸಾಲೋ, ಮುಗಿಯುವುದೇ ಇಲ್ಲ! ನಿಮ್ಮ ಕರ್ನಾಟಕ ಸಂಗೀತದ ನೆರವಲ್‌ನಂತೆಯೇ ಮಾತು ಅದೇ, ಪ್ರತಿ ಸಲವೂ ಹೋಗುವ ದಾರಿ ಬೇರೆ. ಸಭೆ ಕೂಗಿ ಕೇಳುತ್ತದೆ, ಆಕೆ ಮತ್ತೆ ಹಾಡುತ್ತಾರೆ. ಹೀಗೆ ಒಂದೇ ಹಾಡು ಗಂಟೆ ದಾಟುತ್ತದೆ. 1934ರಲ್ಲಿ ಕೈರೋದ ರೇಡಿಯೊ ಆರಂಭವಾದ ಮೇಲಂತೂ ಆಕೆಯ ಗುರುವಾರದ ಕಚೇರಿಗೆ ಅರಬ್ ನಾಡುಗಳ ಊರೂರೇ ಕಿವಿಗೊಟ್ಟು ಕೂರುತ್ತಿತ್ತು.

ನನಗೆ ನೆನಪಾದವರು ಆಕೆಯ ಹಿಂದೆ ಊದ್ ಹಿಡಿದು ಕುಳಿತಿದ್ದ ಮುಹಮ್ಮದ್ ಅಲ್ ಕಸಬ್ಗಿ. ಊದ್ ಎಂದರೆ ದಪ್ಪ ಹೊಟ್ಟೆಯ, ಗಿಡ್ಡ ಕತ್ತಿನ ತಂತಿವಾದ್ಯ. ವೀಣೆಗಿರುವಂತೆ ಮೆಟ್ಟಿಲುಗಳಿಲ್ಲ, ನಿನ್ನ ಪಿಟೀಲಿನ ಹಾಗೆ ಎರಡು ಸ್ವರಗಳ ಸಂದಿಯಲ್ಲೂ ಬೆರಳು ನಿಲ್ಲುತ್ತದೆ. 1928ರಲ್ಲಿ ಅವರು ರಾಗ ಸಂಯೋಜಿಸಿದ 'ಇನ್ ಕುಂತ್ ಅಸಾಮಿಹ್' ಆಕೆಗೆ ದೊಡ್ಡ ಹೆಸರು ತಂದಿತು. ಆಮೇಲೆ ಆಕೆಗೆ ರಾಗ ಸಂಯೋಜಿಸಲು ಝಕರಿಯಾ ಅಹ್ಮದ್ ಬಂದರು, ರಿಯಾದ್ ಅಲ್ ಸುಂಬಾತಿ ಬಂದರು. ನಲವತ್ತರ ದಶಕ ಮುಗಿಯುವ ಹೊತ್ತಿಗೆ ಕಸಬ್ಗಿಯವರ ಹೊಸ ಸಂಯೋಜನೆಗಳನ್ನು ಆಕೆ ಹಾಡುವುದೇ ನಿಂತುಹೋಯಿತು. ಅವರು ಮಾತ್ರ ವೃಂದ ಬಿಟ್ಟು ಹೋಗಲಿಲ್ಲ.

1964ರಲ್ಲಿ ಆಕೆ ಮೊದಲ ಬಾರಿಗೆ ಮುಹಮ್ಮದ್ ಅಬ್ದುಲ್ ವಹಾಬ್ ಅವರ ಸಂಯೋಜನೆಯನ್ನು ಹಾಡಿದರು: 'ಇಂತಾ ಉಮ್ರಿ'. ಎಲೆಕ್ಟ್ರಿಕ್ ಗಿಟಾರ್ ಕೂಡ ಇತ್ತು. ಆ ಅಬ್ದುಲ್ ವಹಾಬರಿಗೆ ಒಂದು ಕಾಲದಲ್ಲಿ ಊದ್ ಕಲಿಸಿದವರೇ ಕಸಬ್ಗಿ. ಶಿಷ್ಯನ ಹಾಡು ನಾಡೆಲ್ಲ ಮೊಳಗುವಾಗಲೂ ಗುರುವಿನ ಜಾಗ ಅದೇ ಹಿಂದಿನ ಸಾಲು. 1966ರಲ್ಲಿ ತೀರಿಕೊಂಡರು. ಅನಂತರ ವೇದಿಕೆಯಲ್ಲಿ ಅವರ ಕುರ್ಚಿಯನ್ನು ಆಕೆ ಖಾಲಿಯೇ ಇರಿಸಿದ್ದರಂತೆ.

ಇದು ನಿನಗೆ ಸಮಾಧಾನವೋ ಸಂಕಟವೋ ತಿಳಿಯದು. ನನಗಂತೂ ಸಂಕಟವೇ. ಅಂಥವರ ಎದೆಯಲ್ಲಿ ಇನ್ನೆಷ್ಟು ರಾಗಗಳು ಉಳಿದುಹೋದವೋ! ಆದ್ದರಿಂದ ಪಕ್ಕವಾದ್ಯ ಬಿಡು ಎನ್ನಲಾರೆ, ಬಿಡಬೇಡ ಎನ್ನಲೂ ಆರೆ.

ಅವರು ಸಂಯೋಜಿಸಿ ಆಕೆ ಹಾಡಿದ 'ರಕ್ ಇಲ್ ಹಬೀಬ್' ಇದೆ. ರಾತ್ರಿ ಊಟ ಮುಗಿಸಿ, ದೀಪ ಆರಿಸಿ ಕೇಳು. ಊದ್ ಎಲ್ಲಿದೆ ಎಂದು ಹುಡುಕು. ಕೇಳಿಯಾದ ಮೇಲೆ ಎಷ್ಟು ಹೊತ್ತಾಗಿದ್ದರೂ ಫೋನ್ ಮಾಡು, ಎದ್ದಿರುತ್ತೇನೆ.

ನಿನ್ನ
ಅಪ್ಪ