ಹೂಳೆತ್ತುವ ತಿಂಗಳು ಬದಲಾಗಲಿ

ಸಂಪಾದಕರಿಗೆ,

ಮಳೆಗಾಲ ಮುಗಿದು ಕಡಲು ಶಾಂತವಾಗುತ್ತಿದ್ದಂತೆ ಬಂದರು, ಜೆಟ್ಟಿ, ಅಳಿವೆಗಳ ಹೂಳೆತ್ತಲು ಅಣಿಯಾಗುವುದು ನಮ್ಮ ಕರಾವಳಿಯ ರೂಢಿ. ಯಂತ್ರಕ್ಕೆ ಅದು ಅನುಕೂಲದ ಕಾಲ, ನಿಜ. ಆದರೆ ಕಾರವಾರದ ಬೈತಖೋಲ ಗುಡ್ಡದ ಬುಡದ ಬಂಡೆಗಳಿಗೆ, ಕೂರ್ಮಗಡ ಮತ್ತು ದೇವಗಡ ದ್ವೀಪಗಳ ಸುತ್ತಲಿನ ಮುಳುಗುಬಂಡೆಗಳಿಗೆ ವರ್ಷದಲ್ಲೇ ಕೆಟ್ಟ ಕಾಲವೂ ಅದೇ. ಹೂಳೆತ್ತುವಾಗ ಏಳುವ ಕೆಸರಿನ ಎಷ್ಟೋ ಪಟ್ಟು ಕೆಂಪುನೀರನ್ನು ಜುಲೈನಲ್ಲಿ ಕಾಳಿ ನದಿ ತಂದು ಸುರಿಯುತ್ತದೆ, ಆಗ ಹಾಳಾಗದ ಕಡಲಕಳೆ (ಬಂಡೆಗಂಟಿ ಬೆಳೆಯುವ ಸಮುದ್ರಪಾಚಿ) ಈಗ ಹಾಳಾಗುತ್ತದೆಯೇ ಎಂಬ ಮಾತು ಕೇಳಿಬರುತ್ತದೆ. ಉತ್ತರಿಸಬೇಕಾದ ಪ್ರಶ್ನೆಯೇ ಅದು.

ಜುಲೈನಲ್ಲಿ ಬಂಡೆಯ ಮೇಲೆ ಬಿದ್ದ ಹೂಳನ್ನು ಅಲೆ ಅಲ್ಲಿ ನಿಲ್ಲಗೊಡುವುದಿಲ್ಲ. ಕಳೆಗಳೂ ಆಗ ಬೆಳೆಯುವ ಹೊತ್ತಲ್ಲ. ಸರ್ಗಾಸಮ್‌ನಂಥ ದೊಡ್ಡ ಕಂದು ಕಳೆ ಮೈ ಕಳೆದುಕೊಂಡು ಬುಡದ ಹಿಡಿಕೆಯಲ್ಲಷ್ಟೇ ಜೀವ ಹಿಡಿದಿರುತ್ತದೆ. ಮಳೆಗಾಲದಲ್ಲೇ ಹುಲುಸಾಗಿ ಬರುವ ಪೋರ್ಫೈರಾ ಎಂಬ ಕೆಂಪು ಕಳೆ ಅಲೆಯ ಸಿಡಿತ ಮುಟ್ಟುವ ಮೇಲಿನ ಕಲ್ಲಿನಲ್ಲಿರುತ್ತದೆ, ಅದಕ್ಕೆ ಹೂಳಿನ ಗೊಡವೆಯಿಲ್ಲ. ಸೆಪ್ಟೆಂಬರ್ ಕಳೆದ ಮೇಲೆ ಲೆಕ್ಕ ತಿರುಗುತ್ತದೆ. ಅಲೆ ತಗ್ಗುತ್ತದೆ, ನೀರು ತಿಳಿಯಾಗುತ್ತದೆ, ಉಜ್ಜಿ ತೊಳೆದ ಕಲ್ಲು ಬರಿದಾಗಿರುತ್ತದೆ, ಬೀಜಾಣುಗಳು ಬಂದು ಕೂರುತ್ತವೆ. ಆಗ ಬಿದ್ದ ಹೂಳನ್ನು ತೊಳೆಯುವವರು ಯಾರೂ ಇಲ್ಲ.

ಉಲ್ವಾ ಎಂಬ ಹಸಿರು ಕಳೆಯ ಬೀಜಾಣು ಒಂದು ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು ದೊಡ್ಡದು. ಹೂಳಿನ ಕಣ 0.004ರಿಂದ 0.063 ಮಿ.ಮೀ. ಕಲ್ಲೆಂದು ತಿಳಿದು ಬೀಜಾಣು ಅಂಟಿಕೊಳ್ಳುವುದು ಕಣಕ್ಕೆ. ಕಣ ಅಲುಗಿದರೆ ಎರಡೂ ಕೊಚ್ಚಿಹೋಗುತ್ತವೆ. ಸರ್ಗಾಸಮ್‌ನ ಮೊಳಕೆ ಕೊಂಚ ದೊಡ್ಡದು, ಸುಮಾರು 0.1ರಿಂದ 0.2 ಮಿ.ಮೀ. ಅದರಲ್ಲಿ ಹೆಚ್ಚಿನವು ತಾಯಿ ಗಿಡದಿಂದ ಕೆಲವೇ ಮೀಟರ್ ಒಳಗೆ ಬೀಳುತ್ತವೆ. ಅಲ್ಲಿ ಒಂದು ಮಿಲಿಮೀಟರ್ ಹೂಳು ನಿಂತರೂ ಮೊಳಕೆ ಬೆಳಕು, ಆಮ್ಲಜನಕ ಎರಡೂ ಇಲ್ಲದೆ ಮುಚ್ಚಿಹೋಗುತ್ತದೆ. ಬೆಳೆದ ಗಿಡ ಮಾತ್ರ ಬದುಕಿಯೇ ಇರುತ್ತದೆ. ಹೀಗಾಗಿ ತಪಾಸಣೆಗೆ ಬಂದವರಿಗೆ ಬಂಡೆ ಹಸಿರಾಗಿಯೇ ಕಾಣುತ್ತದೆ; ಹಳೆಯ ಗಿಡ ಸತ್ತ ವರ್ಷ ಹಿಂದೆ ಮರಿಗಳಿಲ್ಲ ಎಂಬುದು ಗೊತ್ತಾಗುತ್ತದೆ. ಆ ಜಾಗಕ್ಕೆ ಒಂದೆರಡು ಸೆಂಟಿಮೀಟರಿನ ಮೋಟು ಪಾಚಿಯ ಹಾಸು ಬರುತ್ತದೆ. ಹೆಬ್ಬೆರಳಿಂದ ಒತ್ತಿದರೆ ಕಂದು ಕೆಸರು ಒಸರುತ್ತದೆ, ಕಲ್ಲು ಕಾಣುವುದಿಲ್ಲ. ಈ ಹಾಸು ತಾನೇ ಹೂಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೂಳೆತ್ತುವುದು ನಿಂತರೂ ಬಂಡೆ ಬೇಗ ಹಿಂದಿನ ಸ್ಥಿತಿಗೆ ಬರುವುದಿಲ್ಲ.

ಇನ್ನು ಬೆಳಕು. ನೀರು ಎಷ್ಟು ತಿಳಿಯಾಗಿದೆ ಎಂದು ಅಳೆಯುವ 30 ಸೆಂ.ಮೀ. ಅಗಲದ ಸೆಕ್ಕಿ ತಟ್ಟೆಯನ್ನು ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರ ನಡುವೆ ದೋಣಿಯ ನೆರಳಿನ ಬದಿಯಲ್ಲಿ ಇಳಿಬಿಟ್ಟು, ಮರೆಯಾದ ಆಳ ಮತ್ತು ಮತ್ತೆ ಕಂಡ ಆಳಗಳ ಸರಾಸರಿ ತೆಗೆಯಬೇಕು. 1.7ನ್ನು ಆ ಆಳದಿಂದ ಭಾಗಿಸಿದರೆ ಬೆಳಕು ಕುಂದುವ ಗುಣಾಂಕ ಸಿಗುತ್ತದೆ, ಅಂದಾಜಿಗೆ ಸಾಕು. ತಟ್ಟೆ 5.7 ಮೀಟರಿಗೆ ಮರೆಯಾದರೆ ಗುಣಾಂಕ 0.3, ಐದು ಮೀಟರ್ ಆಳದ ಬಂಡೆಗೆ ಮೇಲಿನ ಬೆಳಕಿನ ನೂರಕ್ಕೆ 22 ಪಾಲು ಮುಟ್ಟುತ್ತದೆ. 1.7 ಮೀಟರಿಗೇ ಮರೆಯಾದರೆ ಗುಣಾಂಕ 1; ಅದೇ ಬಂಡೆಗೆ ನೂರಕ್ಕೆ ಒಂದು ಪಾಲೂ ಇಲ್ಲ. ದೊಡ್ಡ ಕಂದು ಕಳೆಗಳ ಆಳದ ಗಡಿ ಸಾಮಾನ್ಯವಾಗಿ ಆ ಒಂದು ಪಾಲಿನ ಆಸುಪಾಸಿನಲ್ಲೇ ಮುಗಿಯುತ್ತದೆ. ಕಲ್ಲಿಗೆ ಮೆತ್ತಿಕೊಂಡು ಬೆಳೆಯುವ ಸುಣ್ಣದ ಕೆಂಪು ಪಾಚಿ ಕತ್ತಲೆಯನ್ನು ಎಷ್ಟೋ ತಾಳಬಲ್ಲದು, ಬಹಾಮಾಸ್ ಬಳಿ 268 ಮೀಟರ್ ಆಳದಲ್ಲೂ ಅದು ಸಿಕ್ಕಿದೆ. ಆದರೆ ಅದೂ ಹೂಳಿನ ಹೊದಿಕೆಯನ್ನು ತಾಳದು.

ಎತ್ತಿದ ಹೂಳು ಅಲ್ಲೇ ತಳ ಸೇರುತ್ತದೆ ಎಂಬ ಸಮಾಧಾನ ಮರಳಿಗಷ್ಟೇ ಸರಿ. 0.1 ಮಿ.ಮೀ. ಮರಳಿನ ಕಣ ನಿಂತ ನೀರಿನಲ್ಲಿ ಹತ್ತು ಮೀಟರ್ ಇಳಿಯಲು ಸುಮಾರು 20 ನಿಮಿಷ ಸಾಕು. 0.01 ಮಿ.ಮೀ. ಹೂಳಿಗೆ ಒಂದು ದಿನಕ್ಕೂ ಹೆಚ್ಚು ಬೇಕು. ಜೇಡಿಯ ಒಂಟಿ ಕಣಕ್ಕೆ ವಾರಗಳೇ ಬೇಕು. ಉಪ್ಪುನೀರಿನಲ್ಲಿ ಕಣಗಳು ಗಂಟುಕಟ್ಟುವುದರಿಂದ ಇದಕ್ಕಿಂತ ಬೇಗ ಇಳಿಯುತ್ತವೆ, ನಿಜ. ಆದರೂ ಅಷ್ಟರಲ್ಲಿ ಎಷ್ಟು ಭರತಿ, ಎಷ್ಟು ಇಳಿತ! ಹೂಳು ತಡೆಯುವ ತೇಲುಪರದೆಯೂ ಸೆಕೆಂಡಿಗೆ ಅರ್ಧ ಮೀಟರ್ ದಾಟಿದ ಸೆಳೆತದಲ್ಲಿ ಕೆಲಸಕ್ಕೆ ಬಾರದು. ಅಮಾವಾಸ್ಯೆ, ಹುಣ್ಣಿಮೆಯ ಇಳಿತದಲ್ಲಿ ಅಳಿವೆ ಬಾಯಿಗೆ ಅದನ್ನು ಕಟ್ಟಿ ನೆಮ್ಮದಿಯಿಂದಿರುವುದು ತಪ್ಪು.

ನೀರಿನ ಮೇಲ್ಮೈಯಿಂದ ಒಂದು ಬಾಟಲಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿದರೆ ಇದಾವುದೂ ಕಾಣುವುದಿಲ್ಲ. ಕೆಸರಿನ ದಟ್ಟ ಪದರ ತಳದಲ್ಲೇ ಹರಿಯುತ್ತದೆ, ಸೆಕ್ಕಿ ತಟ್ಟೆಗೂ ಅದು ಸಿಗುವುದಿಲ್ಲ. ಆದ್ದರಿಂದ ಬೆಳಕಿನ ಮಾಪಕವನ್ನು ಬಂಡೆಯ ಮಟ್ಟದಲ್ಲೇ ಕಟ್ಟಬೇಕು. ಅದರ ಗಾಜಿಗೆ ಲೋಳೆ ಹಿಡಿಯುತ್ತದೆ. ವಾರಕ್ಕೊಮ್ಮೆ ಒರೆಸದಿದ್ದರೆ ನೀರು ಕದಡಿದೆ ಎಂದು ಅದು ಸುಳ್ಳು ಹೇಳುತ್ತದೆ. ಹೂಳು ಹಿಡಿಯುವ ಕೊಳವೆಯ ಎತ್ತರ ಅಗಲದ ಐದು ಪಟ್ಟಾದರೂ ಇರಬೇಕು, ಗಿಡ್ಡವಾದರೆ ಬಿದ್ದದ್ದು ಮತ್ತೆ ಎದ್ದುಹೋಗುತ್ತದೆ. ಉದ್ದ ಕೊಳವೆಗೆ ಬಿದ್ದದ್ದು ಹೊರಬರುವುದೇ ಇಲ್ಲ, ಹಾಗಾಗಿ ಅದರ ಲೆಕ್ಕ ಬಂಡೆಯ ಮೇಲೆ ನಿಜಕ್ಕೂ ನಿಂತದ್ದಕ್ಕಿಂತ ಹೆಚ್ಚು ಬರುತ್ತದೆ. ಅದನ್ನು ಸರಿದೂಗಿಸಲು ಬಂಡೆಯ ಮೇಲೆ 10 ಸೆಂ.ಮೀ. ಚೌಕಟ್ಟಿಟ್ಟು ಒಳಗಿನ ಹೂಳನ್ನು ದೊಡ್ಡ ಸಿರಿಂಜಿನಲ್ಲಿ ಹೀರಿ, 63 ಮೈಕ್ರಾನ್ (0.063 ಮಿ.ಮೀ.) ಜರಡಿಯಲ್ಲಿ ಮರಳನ್ನೂ ಕೆಸರನ್ನೂ ಬೇರ್ಪಡಿಸಿ, ಉಪ್ಪು ತೊಳೆದು, ಒಣಗಿಸಿ ತೂಗಬೇಕು. ಮರಳು ಕಳೆಯನ್ನು ಉಜ್ಜುತ್ತದೆ, ಕೆಸರು ಮುಚ್ಚುತ್ತದೆ. ಎರಡನ್ನೂ ಒಂದೇ ಅಂಕಿಯಲ್ಲಿ ಹೇಳಿದರೆ ಪ್ರಯೋಜನವಿಲ್ಲ.

ನಮ್ಮ ಬೇಡಿಕೆ ಇಷ್ಟು. ಬಂಡೆಸಾಲಿನ ಹತ್ತಿರ ಅಕ್ಟೋಬರ್‌ನಿಂದ ಜನವರಿವರೆಗೆ ಹೂಳೆತ್ತುವುದು ಬೇಡ. ಮಾರ್ಚ್ ಮಧ್ಯದಿಂದ ಮೇ ಅಂತ್ಯದೊಳಗೆ ಮುಗಿಸಿದರೆ, ಅಷ್ಟರಲ್ಲಿ ಮೊಳಕೆಗಳು ಬೇರೂರಿರುತ್ತವೆ, ಉಳಿದ ಹೂಳನ್ನು ಜೂನ್‌ನ ಅಲೆ ತೊಳೆಯುತ್ತದೆ. ಆಗ ಬೋಟುಗಳ ಓಡಾಟವಿರುವುದರಿಂದ ಮೀನುಗಾರರಿಗೆ ಅಡಚಣೆ ಆಗುತ್ತದೆ; ಅವರನ್ನು ಕೂರಿಸಿಕೊಂಡು ಪಾಳಿ ಗೊತ್ತುಮಾಡಬೇಕು. ಯಾವ ತಿಂಗಳಲ್ಲೇ ಆಗಲಿ, ಹೂಳೆತ್ತುವ ಹಡಗಿನ (ಡ್ರೆಜ್ಜರ್) ತೊಟ್ಟಿ ತುಂಬಿದ ಮೇಲೆ ಕೆಸರುನೀರನ್ನು ಅಲ್ಲೇ ಹೊರಚೆಲ್ಲುವುದಕ್ಕೆ ಟೆಂಡರ್ ಷರತ್ತಿನಲ್ಲೇ ತಡೆ ಇರಲಿ. ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗವಿದೆ, ಕಾರವಾರದಲ್ಲೇ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ (ಸಿಎಂಎಫ್‌ಆರ್‌ಐ) ಕೇಂದ್ರವಿದೆ. ಕೆಲಸ ಶುರುವಾಗುವ ಮೊದಲೇ ಕನಿಷ್ಠ ಒಂದು ವರ್ಷ ಬಂಡೆಯ ಮಟ್ಟದ ಬೆಳಕು ಮತ್ತು ಹೂಳಿನ ಅಳತೆಯನ್ನು ಅವರಿಂದ ತೆಗೆಸಿ, ತಿಂಗಳುವಾರು ಅಂಕಿಗಳನ್ನು ಸಾರ್ವಜನಿಕರ ಮುಂದಿಡಲಿ.

— ಕಡಲಜೀವಿ ಅಧ್ಯಯನಾಸಕ್ತರು, ಕಾರವಾರ