ಸೋತ ಮ್ಯಾಚಿನ ಲೆಕ್ಕ

ಶಿಕಾಗೋ
30-9-2024

ಪ್ರೀತಿಯ ಅಮ್ಮನಿಗೆ ನಮಸ್ಕಾರಗಳು. ನಾನು ಕ್ಷೇಮ. ಊಟ, ನಿದ್ದೆ ಎಲ್ಲ ಸರಿಯಾಗಿದೆ. ಚಳಿ ಇನ್ನೂ ಶುರುವಾಗಿಲ್ಲ. ಅತ್ತೆ, ಪುಟ್ಟಿ, ಸುಬ್ಬಣ್ಣ ಭಾವ ಎಲ್ಲರನ್ನೂ ಕೇಳಿದೆ ಅಂತ ಹೇಳು.

ನಿನ್ನ ಕಾಗದ ಹೋದ ಮಂಗಳವಾರ ಸಿಕ್ಕಿತು. ಫೋನಿನಲ್ಲಿ ಹೇಳೋಣ ಅಂದರೆ ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ ಅಂತ ಬರೆದಿದ್ದೀಯ. ಮಳೆ ಬಿಡದೆ ಎರಡನೇ ಸಲ ಔಷಧಿ ಹೊಡೆಸಲು ಆಗಲಿಲ್ಲ, ಕೆಳಗಿನ ಅಡಿಕೆ ತೋಟಕ್ಕೆ ಕೊಳೆರೋಗ ಬಂತು, ಮೇಲಿನದಕ್ಕೆ ಎಲೆಚುಕ್ಕಿ ರೋಗ. ಇಷ್ಟು ನನಗೆ ಗೊತ್ತಿತ್ತು. ದೀಪಾವಳಿ ಕಳೆದ ಮೇಲೆ ಕೆಳಗಿನ ತೋಟ ಮಾರುವ ಮಾತು ನಡೆದಿದೆ ಅನ್ನುವುದು ಗೊತ್ತಿರಲಿಲ್ಲ. ಆಗಸ್ಟ್‌ನಿಂದ ಅಪ್ಪ ತೋಟದ ಪುಸ್ತಕ ಬರೆಯುವುದನ್ನೇ ಬಿಟ್ಟಿದ್ದಾರೆ ಅಂತ ಬರೆದಿದ್ದೀಯಲ್ಲ, ಅಲ್ಲಿಗೆ ಬಂದಾಗ ಮುಂದೆ ಓದಲು ಆಗಲಿಲ್ಲ. ಅಜ್ಜ ತೀರಿಹೋದ ದಿನವೂ ಅಪ್ಪ ರಾತ್ರಿ ಕೂತು ಆಳಿನ ಲೆಕ್ಕ ಬರೆದಿದ್ದರು. ನನಗೆ ನೆನಪಿದೆ.

ಕಾಗದವನ್ನು ಜೇಬಿಗೆ ಹಾಕಿಕೊಂಡು ಅವತ್ತು ಸಂಜೆ ನಾನು ಮ್ಯಾಚ್ ನೋಡಲು ಹೋದೆ. ಇಂಥ ಹೊತ್ತಿನಲ್ಲಿ ಮ್ಯಾಚಾ ಅಂತ ಬೇಜಾರು ಮಾಡಿಕೊಳ್ಳಬೇಡ. ಕೆಳಗಿನ ಮನೆಯ ಅಜ್ಜ ಮೊದಲೇ ಟಿಕೆಟ್ ತೆಗೆದಿದ್ದರು. ಅವರು ನಮ್ಮ ಮನೆ ಓನರ್. ಹುಟ್ಟಿದ್ದು, ಬೆಳೆದದ್ದು ಎಲ್ಲ ಈ ಬ್ರಿಡ್ಜ್‌ಪೋರ್ಟ್‌ನಲ್ಲೇ. 35ನೇ ಬೀದಿ ಹಿಡಿದು ನಡೆದರೆ ವೈಟ್ ಸಾಕ್ಸ್ ಬೇಸ್‌ಬಾಲ್ ತಂಡದ ಸ್ಟೇಡಿಯಂ. ನಮ್ಮವರು ಕ್ರಿಕೆಟ್ಟಿನ ಸಿಕ್ಸರಿನ ಹಾಗೆ ಹೋಮ್‌ರನ್ ಹೊಡೆದರೆ ಅಲ್ಲಿ ಪಟಾಕಿ ಹಾರಿಸುತ್ತಾರೆ, ನನ್ನ ಅಡುಗೆಮನೆಗೇ ಕೇಳುತ್ತದೆ. ಈ ವರ್ಷ ಆ ಸದ್ದು ಕಡಿಮೆ.

ಬೇಸ್‌ಬಾಲ್ ಹೇಗೆ ಅಂತ ಪುಟ್ಟಿ ಕೇಳುತ್ತಿದ್ದಳು. ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ಒಂದು ತಂಡ 162 ಮ್ಯಾಚ್ ಆಡುತ್ತದೆ. ಹೆಚ್ಚುಕಡಿಮೆ ದಿನಾ. ಡ್ರಾ ಅನ್ನುವುದೇ ಇಲ್ಲ, ಗೆಲ್ಲಬೇಕು ಇಲ್ಲ ಸೋಲಬೇಕು. ಈ ಸಲ ಎಲ್ಲರಿಗಿಂತ ಜಾಸ್ತಿ ಗೆದ್ದದ್ದು ಲಾಸ್ ಏಂಜಲೀಸ್‌ನ ಡಾಡ್ಜರ್ಸ್. ಅವರೂ 64 ಸೋತಿದ್ದಾರೆ. ಸೋಲು ಇಲ್ಲದ ವರ್ಷ ಯಾರಿಗೂ ಇಲ್ಲ. ಆದರೆ ನಮ್ಮ ತಂಡ ಸೋತದ್ದು 121, ಗೆದ್ದದ್ದು 41. 1900ರಿಂದ ಈಚೆಗೆ ಒಂದೇ ವರ್ಷದಲ್ಲಿ ಇಷ್ಟು ಯಾರೂ ಸೋತಿಲ್ಲ. 1962ರಲ್ಲಿ ನ್ಯೂಯಾರ್ಕ್ ಮೆಟ್ಸ್ 120 ಸೋತಿದ್ದೇ ಅಲ್ಲಿಯವರೆಗಿನ ದಾಖಲೆ.

ಯಾಕೆ ಹೀಗಾಯಿತು ಅಂತ ಅಜ್ಜನ ಹತ್ತಿರ ತುಂಬಾ ಸಲ ಕೇಳಿದ್ದೇನೆ. ಸೀಸನ್ ಶುರುವಾಗುವ ಮುಂಚೆಯೇ ಡಿಲನ್ ಸೀಸ್ ಅನ್ನುವ, ಚೆಂಡು ಎಸೆಯುವ ಒಳ್ಳೆಯ ಪಿಚರ್‌ನನ್ನು ಸ್ಯಾನ್ ಡಿಯೇಗೋ ತಂಡಕ್ಕೆ ಕೊಟ್ಟರು. ಏಪ್ರಿಲ್‌ನಲ್ಲೇ ನಮ್ಮ ಒಳ್ಳೆಯ ಆಟಗಾರ ಲೂಯಿಸ್ ರಾಬರ್ಟ್‌ಗೆ ಗಾಯವಾಯಿತು. ಮೊದಲ 25 ಮ್ಯಾಚಿನಲ್ಲಿ ಗೆದ್ದದ್ದು ಬರೀ 3. ಗ್ಯಾರೆಟ್ ಕ್ರೋಶೆ ಅಂತ ಹುಡುಗ, ಎಷ್ಟು ಚೆನ್ನಾಗಿ ಎಸೆಯುತ್ತಾನೆ ಗೊತ್ತಾ ಅಮ್ಮ! 209 ಸಲ ಎದುರಾಳಿಯನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಚೆಂಡು ಹೊಡೆಯಲು ಬಿಡದೆ ಔಟ್ ಮಾಡಿದ. ಆದರೂ ಅವನ ಹೆಸರಿಗೆ ಬಂದ ಗೆಲುವು 6, ಸೋಲು 12. ಅವನು ಎಸೆದರೆ ಸಾಕಾ? ಉಳಿದವರು ರನ್ ಹೊಡೆಯಬೇಕಲ್ಲ.

ಜುಲೈ 10ರಿಂದ ಆಗಸ್ಟ್ 5ರವರೆಗೆ ಸಾಲಾಗಿ 21 ಮ್ಯಾಚ್ ಸೋತರು. ಊರಲ್ಲಿ ಮಳೆ ಹಿಡಿದು ಕೂತಿದ್ದು, ನೀನು ದಿನಾ ಕಾಯಿ ಉದುರಿದ ಸುದ್ದಿ ಹೇಳುತ್ತಿದ್ದದ್ದು ಅದೇ ದಿನಗಳು. ಆಗಸ್ಟ್ 6ರ ಮ್ಯಾಚ್ ಓಕ್ಲೆಂಡ್‌ನಲ್ಲಿತ್ತು, ಅದು ಪಶ್ಚಿಮ ಕರಾವಳಿ, ಇಲ್ಲಿಗೆ ತಡರಾತ್ರಿ. ನಾನು ಮಲಗಿದ್ದೆ. ಕೆಳಗಿನಿಂದ ಕೋಲಿನಲ್ಲಿ ಸೂರಿಗೆ ಟಕಟಕ ಕುಟ್ಟಿದ ಸದ್ದು. ಗಾಬರಿಯಾಗಿ ಇಳಿದು ಹೋದೆ. ಅಜ್ಜ ರೇಡಿಯೋ ಮುಂದೆ ಕೂತಿದ್ದರು, ಕಣ್ಣೆಲ್ಲ ಒದ್ದೆ. 5-1ರಲ್ಲಿ ಗೆದ್ದಿದ್ದರು. ಎರಡೇ ದಿನಕ್ಕೆ ತಂಡದ ಮ್ಯಾನೇಜರ್‌ನನ್ನು ತೆಗೆದರು, ಅದು ಬೇರೆ ಮಾತು.

ಅವತ್ತು ನಾನು ಅಜ್ಜನ ಪುಸ್ತಕ ಹತ್ತಿರದಿಂದ ನೋಡಿದೆ. ಇಲ್ಲಿ ಹಳಬರು ಮ್ಯಾಚ್ ನೋಡುತ್ತಾ ಪೆನ್ಸಿಲ್‌ನಲ್ಲಿ ಲೆಕ್ಕ ಬರೆಯುತ್ತಾರೆ. ಒಬ್ಬೊಬ್ಬ ಆಟಗಾರನಿಗೂ ಒಂದು ಸಾಲು, ಪ್ರತಿ ಸರದಿಗೂ ಒಂದು ಚೌಕ. ಸ್ಟ್ರೈಕ್‌ಔಟ್ ಆದರೆ ಇಂಗ್ಲಿಷಿನ ಕೆ ಅಕ್ಷರ. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಅಕ್ಷರ ತಿರುಗಿಸಿ ಬರೆಯಬೇಕು. ಫೀಲ್ಡರ್‌ಗಳಿಗೆಲ್ಲ ನಂಬರ್ ಇದೆ. 6-3 ಅಂತ ಇದ್ದರೆ 6ನೇ ನಂಬರಿನ ಶಾರ್ಟ್‌ಸ್ಟಾಪ್ ಚೆಂಡು ಹಿಡಿದು 3ನೇ ನಂಬರಿನ ಫಸ್ಟ್ ಬೇಸ್‌ನವನಿಗೆ ಎಸೆದ ಅಂತ ಅರ್ಥ. ಸಾಲಾಗಿ ಸೋತ ಆ 21 ಮ್ಯಾಚನ್ನೂ ಅಜ್ಜ ಬರೆದಿದ್ದಾರೆ. ಇಪ್ಪತ್ತೊಂದನೆಯದರ ಅಕ್ಷರವೂ ಮೊದಲನೆಯದರಷ್ಟೇ ದುಂಡಗೆ. ಅಪ್ಪನ ಪುಸ್ತಕದಲ್ಲಿ ಅಡಿಕೆ ಕೊನೆ ಎಷ್ಟು, ಆಳು ಎಷ್ಟು, ಮೈಲುತುತ್ತು ಎಷ್ಟು ಕೆಜಿ ಅಂತ ಇರುತ್ತದಲ್ಲ, ಹಾಗೇ.

ಮಂಗಳವಾರದ ಮ್ಯಾಚಿಗೆ ಬರುತ್ತೇನೆ. ಆಗ ಸೋಲು 120 ಆಗಿತ್ತು. ಇನ್ನೊಂದು ಸೋತರೆ ದಾಖಲೆ. ಅದನ್ನು ಕಣ್ಣಾರೆ ನೋಡಬೇಕು ಅಂತಲೇ ತುಂಬಾ ಜನ ಬಂದಿದ್ದರು. ಎಂಟನೇ ಇನಿಂಗ್ಸ್‌ವರೆಗೆ ನಮ್ಮವರು 2-0ಯಲ್ಲಿ ಹಿಂದಿದ್ದರು. ಆಮೇಲೆ 3 ರನ್ ಹೊಡೆದು ಮುಂದೆ ಹೋದರು. ಆಗ ನಮ್ಮ ತಂಡದ ಅಭಿಮಾನಿಗಳೇ ಕೂಗಿ ಹೀಯಾಳಿಸಿದರು ಅಮ್ಮ, ಗೆಲ್ಲುತ್ತಿದ್ದಾರೆ ಅಂತ! ನನಗೆ ತಡೆಯಲಾಗಲಿಲ್ಲ. ಇನ್ನೊಂದು ಕಡೆ ‘ಟೀಮ್ ಮಾರಿ, ಟೀಮ್ ಮಾರಿ’ ಅಂತ ಕೂಗು. ಅದು ಮಾಲೀಕರಿಗೆ. ಜೆರ್ರಿ ರೈನ್ಸ್‌ಡಾರ್ಫ್ ಅಂತ, 1981ರಿಂದ ತಂಡ ಅವರ ಕೈಯಲ್ಲಿದೆ. ಕೂಗುವವರ ಸಿಟ್ಟು ನನಗೆ ಅರ್ಥವಾಗುತ್ತದೆ, ತಂಡದ ಮೇಲಿನ ಪ್ರೀತಿಯಿಂದಲೇ ಹಾಗೆ ಕೂಗುತ್ತಾರೆ. ಆದರೆ ನಿನ್ನ ಕಾಗದ ಜೇಬಿನಲ್ಲಿತ್ತಲ್ಲ, ‘ಮಾರಿ’ ಅನ್ನುವ ಮಾತು ಕೇಳಿದಾಗಲೆಲ್ಲ ಹೊಟ್ಟೆಯೊಳಗೆ ಕಲಸಿದ ಹಾಗಾಗುತ್ತಿತ್ತು. ಅಜ್ಜ ಯಾವುದಕ್ಕೂ ತಲೆ ಎತ್ತಲಿಲ್ಲ. ಮೂರು ರನ್ನನ್ನೂ ಬರೆದುಕೊಂಡರು.

ಅಲ್ಲಿ ಏನು ತಿಂದೆ ಅಂತ ನೀನು ಕೇಳೇ ಕೇಳುತ್ತೀಯ. ಕ್ಯಾಂಪ್‌ಫೈರ್ ಮಿಲ್ಕ್‌ಶೇಕ್ ಅಂತ ಈ ವರ್ಷ ಅದೇ ದೊಡ್ಡ ಸುದ್ದಿ, ಜನ ಸಾಲು ನಿಲ್ಲುತ್ತಾರೆ. ಅದರ ಮೇಲೆ ಹಾಕುವ ಮಾರ್ಷ್‌ಮ್ಯಾಲೋದಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜೆಲಟಿನ್ ಇರುತ್ತದೆ, ನಾನು ಮುಟ್ಟಲಿಲ್ಲ. ಎಲೋಟೆ ಅಂತ ಮೆಕ್ಸಿಕೋ ಕಡೆಯ ತಿಂಡಿ, ಮುಸುಕಿನ ಜೋಳದ ಕಾಳು ಬಿಡಿಸಿ ಬೆಣ್ಣೆ, ಚೀಸ್, ಖಾರದಪುಡಿ, ನಿಂಬೆರಸ ಹಾಕಿ ಕೊಡುತ್ತಾರೆ. ನಿನಗೂ ಸೇರುತ್ತದೆ. ಏಳನೇ ಇನಿಂಗ್ಸ್ ನಡುವೆ ಎಲ್ಲರೂ ಎದ್ದು ನಿಂತು ಮೈಮುರಿದು ಒಟ್ಟಿಗೆ ಹಾಡುತ್ತಾರೆ. ಗೆಲ್ಲಲಿ ಸೋಲಲಿ, ಆ ಹಾಡು ಮಾತ್ರ ತಪ್ಪಿಸುವುದಿಲ್ಲ. ಒಳ್ಳೆಯ ಜನ ಅಮ್ಮ, ನನ್ನನ್ನು ಮನೆಯವನ ಹಾಗೇ ನೋಡಿಕೊಳ್ಳುತ್ತಾರೆ.

121ನೇ ಸೋಲು ಶುಕ್ರವಾರ ಡೆಟ್ರಾಯಿಟ್‌ನಲ್ಲಿ ಆಯಿತು, 4-1. ಆದರೆ ಕೊನೆಯ 6 ಮ್ಯಾಚಿನಲ್ಲಿ 5 ಗೆದ್ದರು. ನಿನ್ನೆಯ ಕೊನೆಯ ಮ್ಯಾಚೂ ಗೆದ್ದರು, 9-5. ಇದೇ ತಂಡ 1917ರ ನಂತರ 2005ರಲ್ಲಿ ವರ್ಲ್ಡ್ ಸೀರೀಸ್ ಅನ್ನುವ ದೊಡ್ಡ ಚಾಂಪಿಯನ್‌ಶಿಪ್ ಗೆದ್ದಿತ್ತು. ಎಂಬತ್ತೆಂಟು ವರ್ಷ ಕಾದಿದ್ದರು.

ಈಗ ಮನೆಯ ವಿಷಯ. ಯಾರ ಹತ್ತಿರವೂ ಅಡ್ವಾನ್ಸ್ ತೆಗೆದುಕೊಳ್ಳಬೇಡಿ. ಎಗ್ರಿಮೆಂಟ್ ಮಾಡಬೇಡಿ. ನಾನು ಡಿಸೆಂಬರ್‌ನಲ್ಲಿ ಬರುತ್ತೇನೆ, ಮ್ಯಾನೇಜರ್ ಹತ್ತಿರ ರಜೆ ಕೇಳಿಯಾಗಿದೆ. ಸೊಸೈಟಿ ಸಾಲ ರಿನೀವಲ್ ಮಾಡಿಸಲು ಬೇಕಾದ ದುಡ್ಡು ಶನಿವಾರವೇ ಪುಟ್ಟಿಯ ಅಕೌಂಟಿಗೆ ಹಾಕಿದ್ದೇನೆ. ನನಗೆ ಇಲ್ಲಿ ಯಾವ ತೊಂದರೆಯೂ ಇಲ್ಲ, ನಿಜವಾಗಿಯೂ ಇಲ್ಲ, ಖರ್ಚಿಗೆ ಸಾಕಷ್ಟು ಉಳಿದಿದೆ. ಮಾರಲೇಬೇಕು ಅಂತ ಅಪ್ಪನಿಗೆ ಅನ್ನಿಸಿದರೆ ಕೂತು ಮಾತಾಡೋಣ, ನಾನು ಅಡ್ಡ ಬರುವುದಿಲ್ಲ. ಆದರೆ ಕೊಳೆ ಬಂದ ವರ್ಷದ ಸಿಟ್ಟಿನಲ್ಲಿ ಮಾರುವುದು ಬೇಡ. ಬೇಕಾದರೆ ಒಂದು ವರ್ಷಕ್ಕೆ ಚೇಣಿ ಗುತ್ತಿಗೆ ಕೊಡಿ. ಮುಂದಿನ ಮಳೆಗಾಲದ ಔಷಧಿ, ಕೊನೆಗಾರನ ಖರ್ಚು ಎಲ್ಲ ನನ್ನದು.

ಅಪ್ಪ ಜಗಲಿಯಲ್ಲಿ ಸುಮ್ಮನೆ ಕೂತಿರುತ್ತಾರೆ ಅಂದೆಯಲ್ಲ, ಬೈಯಬೇಡ, ಒತ್ತಾಯವೂ ಬೇಡ. ತಿಂಡಿ ಆದ ಮೇಲೆ ಪುಸ್ತಕ ಮತ್ತು ಪೆನ್ನು ತಂದು ಪಕ್ಕದಲ್ಲಿಡು, ಅಷ್ಟು ಸಾಕು. ಉದುರಿದ್ದನ್ನೇ ಬರೆಯಲಿ. ಸಕ್ಕರೆ ಕಾಯಿಲೆಯ ಮಾತ್ರೆ ತಪ್ಪಿಸುತ್ತಿಲ್ಲ ತಾನೇ?

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅಪ್ಪನ ವಿಷಯ ಹೇಳಿದಾಗ ಅಜ್ಜ ತಮ್ಮ ಪುಸ್ತಕದಿಂದ ಝೆರಾಕ್ಸ್ ಮಾಡಿಸಿ ಕೊಟ್ಟದ್ದು. ಶುಕ್ರವಾರದ ಮ್ಯಾಚಿನದು, 121ನೆಯದು. ಬರೆಯಬೇಕಾದ ಒಂದು ಚೌಕವೂ ಖಾಲಿ ಇಲ್ಲ. ಅಪ್ಪನಿಗೆ ತೋರಿಸು, ಹೇಗೆ ಓದುವುದು ಅಂತ ಮೇಲೆ ಬರೆದಿದ್ದೇನಲ್ಲ, ಹಾಗೇ ಹೇಳು.

ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು, ಓಡಬೇಕು. ಕಾಗದ ದೀಪಾವಳಿಯೊಳಗೆ ಕೈ ಸೇರಬೇಕು. ಅಷ್ಟರಲ್ಲಿ ಪುಟ್ಟಿಗೆ ಫೋನ್ ಮಾಡಿ ಅಡ್ವಾನ್ಸ್ ವಿಷಯ ಹೇಳಿರುತ್ತೇನೆ. ನನ್ನ ಬಗ್ಗೆ ಯೋಚನೆ ಬೇಡ. ನೀನು ಮಂಡಿಗೆ ಎಣ್ಣೆ ಹಚ್ಚಿಕೋ. ಅಪ್ಪನಿಗೆ ನಮಸ್ಕಾರ.

ಇಂತಿ ನಿನ್ನ ಮಗ